‘ಹೂಂ’ ಅಂದದ್ದೆಲ್ಲ ಒಪ್ಪಿಗೆಯಲ್ಲ

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ರೋಣ, ನರಗುಂದ, ಗಜೇಂದ್ರಗಡದ ಸದಸ್ಯರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)

 

ನಾನು ಇಲ್ಲಿ ನಿಂತಿರುವುದೇ ಒಂದು ತಪ್ಪು ತಿಳುವಳಿಕೆಯಿಂದ. ತಿಂಗಳ ಹಿಂದೆ ನಮ್ಮ ಕಾರ್ಯದರ್ಶಿಗಳು ಫೋನು ಮಾಡಿ, "ಕಂಪ್ಯೂಟರಿನ ಬಗ್ಗೆ ಏನರ ಹೇಳ್ರಿ ಸರ್, ಹುಡುಗರಿಗೆ ಉಪಯೋಗ ಆಗೂವಂಥಾದ್ದು" ಎಂದು ಮಾತು ಶುರು ಮಾಡಿದರು. ಅವರು ಹೇಳುತ್ತ ಹೋದರು, ನಾನು ನಡುನಡುವೆ ‘ಹೂಂ’, ‘ಹೂಂ’ ಎನ್ನುತ್ತಿದ್ದೆ. ಕೇಳುತ್ತಿದ್ದೇನೆ ಎಂಬ ಅರ್ಥದಲ್ಲಿ. ಎರಡು ದಿನ ಬಿಟ್ಟು ಆಮಂತ್ರಣ ಪತ್ರಿಕೆ ಬಂತು. ನೋಡಿದರೆ ನನ್ನ ಹೆಸರು ಅಚ್ಚಾಗಿದೆ! ಅದಕ್ಕೆ ನನ್ನ ವಿಷಯವನ್ನು ಆ ‘ಹೂಂ’ನಿಂದಲೇ ಆರಿಸಿಕೊಂಡೆ. ನನ್ನ ‘ಹೂಂ’ನಿಂದ ಯಾರಿಗೂ ನಷ್ಟವಾಗಲಿಲ್ಲ. ನಮ್ಮ ಖಾಲಾ ಅವರ ‘ಹೂಂ’ನಿಂದ ಆಯಿತು. ಮೊದಲು ಅದನ್ನು ಹೇಳುತ್ತೇನೆ.

ನಮ್ಮ ಖಾಲಾ ಇರುವುದು ರೋಣದಲ್ಲಿ. ವಯಸ್ಸು ಎಪ್ಪತ್ತರ ಹತ್ತಿರ. ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ. ಒಂದು ಮಧ್ಯಾಹ್ನ ಯಾವುದೋ ಕಂಪನಿಯ ಹುಡುಗ ಫೋನು ಮಾಡಿ, "ಮೇಡಂ, ನಿಮ್ಮ ಅಕೌಂಟಿಗೆ ಒಂದು ಸ್ಪೆಷಲ್ ಸ್ಕೀಮ್ ಬಂದಿದೆ" ಎಂದು ಪಾಠ ಒಪ್ಪಿಸಿದ. ಮುಂದಿನ ತಿಂಗಳಿಂದ ಖಾತೆಯಲ್ಲಿ 499 ರೂಪಾಯಿ ಕಡಿತ ಶುರುವಾಯಿತು. ನಮಗೆ ಗೊತ್ತಾದದ್ದು ಮೂರು ತಿಂಗಳಾದ ಮೇಲೆ. ಕೇಳಿದರೆ, "ನಿಮ್ಮವರೇ ಒಪ್ಪಿದ್ದಾರೆ, ರೆಕಾರ್ಡಿಂಗ್ ಇದೆ" ಎಂಬ ಉತ್ತರ. ಜೊತೆಗೆ ಆ ಮಾತುಕತೆಯನ್ನು ಯಂತ್ರದಿಂದ ಟೈಪು ಮಾಡಿಸಿದ ಒಂದು ಹಾಳೆ. ಅದರಲ್ಲಿ ಹುಡುಗನ ಪ್ರಶ್ನೆ: "ಕನ್ಫರ್ಮ್ ಮಾಡ್ಲಾ ಮೇಡಂ?" ಅದರ ಕೆಳಗೆ ಗ್ರಾಹಕರ ಉತ್ತರ: "ಹಾಂ."

ನಾನು ಪಟ್ಟು ಹಿಡಿದು ಧ್ವನಿಯನ್ನೇ ತರಿಸಿಕೊಂಡೆ. ರಾತ್ರಿ ಇಯರ್‌ಫೋನ್ ಹಾಕಿಕೊಂಡು ಕೂತು ಕೇಳಿದೆ. ಖಾಲಾ ಉದ್ದಕ್ಕೂ ‘ಹೂಂ’ ಅಂದಿದ್ದಾರೆ, ನಿಜ. ಆದರೆ ಅವೆಲ್ಲವೂ ಹುಡುಗ ಮಾತಾಡುತ್ತಿರುವಾಗಲೇ, ಅವನ ಮಾತಿನ ಮೇಲೆ ಬಿದ್ದ ‘ಹೂಂ’ಗಳು. ಮುಖ್ಯವಾದ ಆ ‘ಹಾಂ’ ಇದೆಯಲ್ಲ, ಅದರ ದನಿ ಮೇಲಕ್ಕೆ ಏರುತ್ತದೆ. ‘ಹಾಂ?’ ಅಂದರೆ ‘ಏನಂದಿ?’ ಎಂದು. ಅಲ್ಲಿಗೆ ನಿಲ್ಲದೆ ಹುಡುಗ "ಥ್ಯಾಂಕ್ಯೂ ಮೇಡಂ, ನಿಮಗೊಂದು ಮೆಸೇಜ್..." ಎಂದು ಮುಂದುವರಿಯುವಾಗ, ಅವನ ದನಿಯ ಕೆಳಗೆ, ಕಿವಿಗೊಟ್ಟರೆ ಸ್ಪಷ್ಟವಾಗಿ ಕೇಳುತ್ತದೆ: "ನನಗ ಬ್ಯಾಡಪಾ." ಹಾಳೆಯಲ್ಲಿ ಆ ಎರಡು ಶಬ್ದ ಇಲ್ಲವೇ ಇಲ್ಲ. ಎರಡು ದನಿ ಕೂಡಿದ ಜಾಗದಲ್ಲಿ ಯಂತ್ರ ದೊಡ್ಡ ದನಿಯನ್ನು ಬರೆದುಕೊಂಡು ಸಣ್ಣ ದನಿಯನ್ನು ಬಿಟ್ಟಿತ್ತು.

ವಿದ್ಯಾರ್ಥಿ ಮಿತ್ರರೆ, ಇವತ್ತು ನಾನು ಹೇಳಬೇಕಾದ ಶಾಸ್ತ್ರ ಇದರ ಸುತ್ತ ಇದೆ. ಮಾತಿನ ಮೇಲೆ ಮಾತು ಬಿದ್ದಾಗ, ಅಂದರೆ ಓವರ್‌ಲ್ಯಾಪ್ ಆದಾಗ, ಅದು ಯಾವ ಜಾತಿಯದು ಎಂದು ಯಂತ್ರ ತಾನಾಗಿ ಗುರುತಿಸಬಲ್ಲುದೆ?

ನಾವು ಶಾಲೆಯಲ್ಲಿ ಕಲಿತದ್ದು ‘ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು’ ಎಂದು. ಆದರೆ ನಮ್ಮ ಯಾವ ಮನೆಯಲ್ಲಿ ಹಾಗೆ ನಡೆಯುತ್ತದೆ ಹೇಳಿ. ದಸ್ತರಖಾನದ ಸುತ್ತ ಆರು ಮಂದಿ ಕೂತರೆ ನಾಲ್ಕು ಮಂದಿ ಒಟ್ಟಿಗೆ ಮಾತಾಡುತ್ತಾರೆ, ಆದರೂ ಯಾರ ಮಾತೂ ಕೆಡುವುದಿಲ್ಲ. 1974ರಲ್ಲಿ ಹಾರ್ವಿ ಸ್ಯಾಕ್ಸ್, ಇಮ್ಯಾನುಯೆಲ್ ಶೆಗ್ಲೋಫ್ ಮತ್ತು ಗೇಲ್ ಜೆಫರ್ಸನ್ ಎಂಬ ಮೂವರು ಅಮೆರಿಕದ ವಿದ್ವಾಂಸರು ಈ ಮಾತಿನ ಪಾಳಿಯ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ದಿನನಿತ್ಯದ ಮಾತನ್ನು ಟೇಪಿನಲ್ಲಿ ಹಿಡಿದು ಅಕ್ಷರ ಅಕ್ಷರ ಬಿಡಿಸಿ ನೋಡಿದ ಅವರಿಗೆ ಕಂಡದ್ದು ಇಷ್ಟು: ಹೆಚ್ಚಿನ ಹೊತ್ತು ಒಬ್ಬರೇ ಮಾತಾಡುತ್ತಾರೆ, ಇಬ್ಬರು ಕೂಡಿ ಮಾತಾಡುವುದು ಮೇಲಿಂದ ಮೇಲೆ ಆಗುತ್ತದೆ, ಆದರೆ ಕ್ಷಣಮಾತ್ರ ಇದ್ದು ಮುಗಿಯುತ್ತದೆ. ಅಂದರೆ ಮಾತಿನ ಮೇಲೆ ಮಾತು ಬೀಳುವುದು ಅಶಿಸ್ತಲ್ಲ, ಅದಕ್ಕೂ ಒಂದು ಕ್ರಮವಿದೆ.

2009ರಲ್ಲಿ ಹತ್ತು ಭಾಷೆಗಳಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಅಂತರವನ್ನು ಅಳೆದರು. ಸರಾಸರಿ ಒಂದು ಸೆಕೆಂಡಿನ ಐದನೆಯ ಒಂದು ಭಾಗ, ಸುಮಾರು 200 ಮಿಲಿಸೆಕೆಂಡು. ಜಪಾನಿ ಎಲ್ಲಕ್ಕಿಂತ ಚುರುಕು, ಡೇನಿಶ್ ಎಲ್ಲಕ್ಕಿಂತ ನಿಧಾನ. (ಆ ಹತ್ತರಲ್ಲಿ ಭಾರತದ ಒಂದು ಭಾಷೆಯೂ ಇರಲಿಲ್ಲ. ನಮ್ಮ ನರಗುಂದದವರನ್ನು ಅಳೆದಿದ್ದರೆ ಜಪಾನಿಗಳ ಗತಿ ಏನಾಗುತ್ತಿತ್ತೋ!) ಆದರೆ ಒಂದು ಚಿತ್ರ ನೋಡಿ ಅದರ ಹೆಸರು ಹೇಳಬೇಕಾದರೂ ಮನುಷ್ಯನಿಗೆ ಸುಮಾರು 600 ಮಿಲಿಸೆಕೆಂಡು ಬೇಕು. ಲೆಕ್ಕ ಹಾಕಿ ನೋಡಿ. ಎದುರಿನವರ ಮಾತು ಮುಗಿಯುವ ಮೊದಲೇ ನಾವು ನಮ್ಮ ಉತ್ತರವನ್ನು ಬಾಯಲ್ಲಿ ಸಿದ್ಧ ಮಾಡಿಕೊಂಡಿರುತ್ತೇವೆ. ಮುಗಿಯುವ ಗಳಿಗೆಯನ್ನು ಊಹಿಸಿ ಬಾಯಿ ತೆರೆಯುತ್ತೇವೆ. ಊಹೆ ಕೂದಲೆಳೆ ತಪ್ಪಿದರೆ ಎರಡು ದನಿ ಡಿಕ್ಕಿ ಹೊಡೆಯುತ್ತವೆ. ಇದು ಮೊದಲನೆಯ ಜಾತಿ, ಮಾತಿನ ಬಾಲದ ಮೇಲೆ ಬೀಳುವ ಮಾತು. ಇದರಲ್ಲಿ ಜಗಳವಿಲ್ಲ.

ಆದರೆ ಕನ್ನಡದಲ್ಲಿ ಈ ಬಾಲದಲ್ಲೇ ವಿಷವೂ ಇದೆ, ಅಮೃತವೂ ಇದೆ. ಇಂಗ್ಲಿಷಿನವರು ‘ಬೇಡ’ ಅನ್ನುವುದನ್ನು ವಾಕ್ಯದ ಮೊದಲರ್ಧದಲ್ಲೇ ಹೇಳಿಬಿಡುತ್ತಾರೆ. ನಮ್ಮಲ್ಲಿ ಕ್ರಿಯಾಪದ ಕಡೆಗೆ, ಅದರ ನಿಷೇಧ ಅದಕ್ಕಿಂತಲೂ ಕಡೆಗೆ. "ನಮಗ ಆ ಸ್ಕೀಮ್ ಬೇಕಾಗೇತಿ", "ನಮಗ ಆ ಸ್ಕೀಮ್ ಬೇಕಾಗಿಲ್ಲ". ಎರಡಕ್ಕೂ ವ್ಯತ್ಯಾಸ ಇರುವುದು ಕೊನೆಯ ಒಂದೆರಡು ಅಕ್ಷರದಲ್ಲಿ. ಎದುರಿನವರು ಸ್ವಲ್ಪ ಅವಸರ ಮಾಡಿ ಆ ಅಕ್ಷರಗಳ ಮೇಲೆ ತಮ್ಮ ಮಾತನ್ನು ಹಾಕಿದರೆ ‘ಇಲ್ಲ’ ಮುಚ್ಚಿಹೋಗುತ್ತದೆ. ಮನುಷ್ಯ ಮುಖ ನೋಡಿ ತಿಳಿದುಕೊಂಡಾನು. ಯಂತ್ರಕ್ಕೆ ಮುಖ ಕಾಣುವುದಿಲ್ಲ. ಇಂಗ್ಲಿಷಿಗಾಗಿ ಕಟ್ಟಿದ ಯಂತ್ರವನ್ನು ಕನ್ನಡಕ್ಕೆ ಹಾಗೇ ತೊಡಿಸಲು ಬರುವುದಿಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ, ಭಾಷಾಭಿಮಾನಕ್ಕಲ್ಲ.

ಇನ್ನು ‘ಹೂಂ’. 1970ರಲ್ಲಿ ವಿಕ್ಟರ್ ಇಂಗ್ವೆ ಎಂಬವರು ಇದಕ್ಕೆ ಬ್ಯಾಕ್‌ಚಾನೆಲ್ ಎಂದು ಹೆಸರಿಟ್ಟರು. ನಮಗೆ ಅದಕ್ಕಿಂತ ಒಳ್ಳೆಯ ಶಬ್ದ ಇದೆ, ಹಿಮ್ಮೇಳ. ಮೊಹರಮ್ಮಿನಲ್ಲಿ ರಿವಾಯತ ಹಾಡುವವರನ್ನು ನೋಡಿದ್ದೀರಿ. ಗೀಗೀ ಮೇಳದವರನ್ನು ನೋಡಿದ್ದೀರಿ. ಮುಂದಿನವನ ಸಾಲು ಮುಗಿಯುವ ಮೊದಲೇ ಹಿಂದಿನವರು ದನಿ ಎತ್ತುತ್ತಾರೆ. ಅದು ಮುಂದಿನವನ ಹಾಡನ್ನು ಕಸಿಯಲಿಕ್ಕೆ ಅಲ್ಲ, ನಿಲ್ಲಿಸಿ ಹಿಡಿಯಲಿಕ್ಕೆ. ‘ಹೂಂ’ಗುಟ್ಟುವುದೂ ಹಾಗೆಯೇ. ನಮ್ಮ ನಾನಿ ಕಥೆ ಹೇಳುವಾಗ ನಾವು ‘ಹೂಂ’ ಅನ್ನದಿದ್ದರೆ "ಮಲಗಿದೆಯೇನೋ" ಎಂದು ಕಥೆಯನ್ನೇ ನಿಲ್ಲಿಸಿಬಿಡುತ್ತಿದ್ದರು. ಅಂದರೆ ‘ಹೂಂ’ ಎಂಬುದು ‘ನಿನ್ನ ಪಾಳಿ ನಿನ್ನದೇ, ಮುಂದೆ ಹೇಳು’ ಎಂಬ ಚೀಟಿ. ಒಪ್ಪಿಗೆಯ ಸಹಿ ಅಲ್ಲ. ಅದೇ ಶಬ್ದ ಪ್ರಶ್ನೆ ಮುಗಿದು ಮೌನವಾದ ಮೇಲೆ, ದನಿ ಇಳಿಸಿ ಬಂದರೆ ಆಗ ಒಪ್ಪಿಗೆ. ಶಬ್ದ ಒಂದೇ, ಬಿದ್ದ ಜಾಗ ಬೇರೆ, ಅರ್ಥ ಬೇರೆ.

ನಮ್ಮ ಮನೆಗಳಲ್ಲಿ ಇನ್ನೂ ಒಂದು ತೊಡಕಿದೆ. ದಖನಿಯಲ್ಲಿ ‘ಹೌದು’ ಅನ್ನಲು ‘ಹೌ’ ಅನ್ನುತ್ತೇವೆ. ಕನ್ನಡದ ‘ಹೌದಾ?’ ಎಂಬ ಬೆರಗಿಗೂ, ‘ಹೌದ್ರೀ’ ಎಂಬ ಮರ್ಯಾದೆಗೂ, ದಖನಿಯ ‘ಹೌ’ಗೂ ಮೊದಲ ದನಿ ಒಂದೇ. ಮಾತಿನ ನಡುವೆ ಭಾಷೆ ಬದಲಾಯಿಸುವ ನಮ್ಮಂಥವರ ಮುಂದೆ ಯಂತ್ರ ಇನ್ನಷ್ಟು ತಬ್ಬಿಬ್ಬಾಗುತ್ತದೆ.

ಶೆಗ್ಲೋಫ್ 2000ದಲ್ಲಿ ಬರೆದ ಇನ್ನೊಂದು ಲೇಖನದಲ್ಲಿ ಜಗಳವಲ್ಲದ ಓವರ್‌ಲ್ಯಾಪುಗಳಲ್ಲಿ ಮತ್ತೆರಡನ್ನು ಸೇರಿಸುತ್ತಾರೆ. ಎದುರಿನವರಿಗೆ ಶಬ್ದ ಹೊಳೆಯದೆ "ಅದೂ... ಅದೂ..." ಎಂದು ತಡವರಿಸಿದಾಗ ನಾವು ಹೇಳಿಕೊಡುವುದು ಒಂದು. ಎಲ್ಲರೂ ಕೂಡಿಯೇ ಹೇಳಬೇಕಾದದ್ದು ಇನ್ನೊಂದು. ನಗು, ಸಲಾಮು, ನಿಕಾಹ್ ಮುಗಿದ ಕೂಡಲೇ ಬರುವ ‘ಮುಬಾರಕ್’. ಇವುಗಳನ್ನು ಒಬ್ಬೊಬ್ಬರಾಗಿ ಪಾಳಿಯಲ್ಲಿ ಹೇಳಿದರೆ ನಗೆಪಾಟಲಾಗುತ್ತದೆ.

ಉಳಿದದ್ದು ನಿಜವಾದ ಪೈಪೋಟಿ. ಮಾತನ್ನು ಕಸಿದುಕೊಳ್ಳುವ ಮಾತು. ಇದನ್ನು ಕಿವಿ ಹೇಗೆ ಕಂಡುಹಿಡಿಯುತ್ತದೆ? 1983ರಲ್ಲಿ ಬ್ರಿಟನ್ನಿನ ಪೀಟರ್ ಫ್ರೆಂಚ್ ಮತ್ತು ಜಾನ್ ಲೋಕಲ್ ತೋರಿಸಿದ್ದು ಹೀಗೆ: ನಡುವೆ ಬಂದವರ ದನಿ ಎತ್ತರವೂ ಆಗಿ, ಜೋರೂ ಆದಾಗ ಅದು ಪೈಪೋಟಿ. ಮೊದಲಿನಿಂದ ಮಾತಾಡುತ್ತಿದ್ದವರು ಆಗ ತಾವೂ ಜೋರು ಮಾಡುತ್ತಾರೆ, ಇಲ್ಲವೆ ಎಳೆದು ಮಾತಾಡುತ್ತಾರೆ, ಇಲ್ಲವೆ ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ. "ತಡೀರಿ, ತಡೀರಿ, ಕೇಳ್ರಿಲ್ಲೆ!" ನಮ್ಮ ಸಂಸ್ಥೆಯ ಸಭೆಗಳಲ್ಲಿ ಇದಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ, ಅಧ್ಯಕ್ಷರು ಕ್ಷಮಿಸಬೇಕು. ಈ ತಂಟೆಯೇ ಬೇಡ ಎಂದವರು ನಮ್ಮ ದನದ ಸಂತೆಯ ದಲ್ಲಾಳಿಗಳು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುತ್ತಾರೆ, ಮಾತಿನ ಮೇಲೆ ಮಾತು ಬೀಳುವ ಪ್ರಶ್ನೆಯೇ ಇಲ್ಲ.

ಈಗ ಯಂತ್ರಕ್ಕೆ ಬರೋಣ. ಯಂತ್ರ ಧ್ವನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 16,000 ಬಿಂದುಗಳಾಗಿ ತೆಗೆದುಕೊಳ್ಳುತ್ತದೆ. ಟೆಲಿಫೋನಿನದಾದರೆ ಬಹಳ ಸಲ 8,000. ಅದನ್ನು 25 ಮಿಲಿಸೆಕೆಂಡಿನ ಹೋಳುಗಳಾಗಿ, 10 ಮಿಲಿಸೆಕೆಂಡಿಗೊಮ್ಮೆ ಸರಿಸುತ್ತ ಕತ್ತರಿಸುತ್ತದೆ. ಪ್ರತಿ ಹೋಳಿನಲ್ಲಿ ಯಾವ ಕಂಪನ ಎಷ್ಟಿದೆ, ದನಿಯ ಎತ್ತರ ಎಷ್ಟು, ಜೋರು ಎಷ್ಟು ಎಂದು ಅಳೆಯುತ್ತದೆ. ಮೊದಲ ಕೆಲಸ, ಈ ಹೋಳಿನಲ್ಲಿ ಒಂದು ದನಿಯೋ ಎರಡೋ ಎಂದು ಹೇಳುವುದು. ಎರಡನೆಯದು, ಯಾರ ದನಿ ಎಂದು ಹೇಳುವುದು. ಇದಕ್ಕೆ ಡಯರೈಸೇಶನ್ ಎನ್ನುತ್ತಾರೆ. ಮೂರನೆಯದು, ಎರಡು ಕೂಡಿದ್ದರೆ ಅದು ಹಿಮ್ಮೇಳವೋ ಪೈಪೋಟಿಯೋ ಎಂದು ಹೇಳುವುದು. ಎರಡು ದನಿ ಬೆರೆತಾಗ ಎತ್ತರ ಅಳೆಯುವ ಲೆಕ್ಕವೇ ಕೆಡುತ್ತದೆ ಎಂಬುದು ಇಲ್ಲಿನ ಮುಖ್ಯ ಕಷ್ಟ. ಒಂದು ಬೋಗುಣಿಯಲ್ಲಿ ಹಾಲು ನೀರು ಕೂಡಿದ ಮೇಲೆ ಯಾವುದು ಎಷ್ಟು ಬಿಸಿಯಿತ್ತು ಎಂದು ಕೇಳಿದಂತೆ. ಆದ್ದರಿಂದ 1990-91ರಲ್ಲಿ ಅಮೆರಿಕದಲ್ಲಿ ಸ್ವಿಚ್‌ಬೋರ್ಡ್ ಎಂಬ ಟೆಲಿಫೋನ್ ಮಾತುಕತೆಗಳ ದೊಡ್ಡ ಸಂಗ್ರಹ ಮಾಡಿದಾಗ ಎರಡೂ ಕಡೆಯ ದನಿಯನ್ನು ಬೇರೆಬೇರೆಯಾಗಿ ಹಿಡಿದಿಟ್ಟರು. ಖಾಲಾ ಅವರ ರೆಕಾರ್ಡಿಂಗಿನಲ್ಲಿ ಎರಡೂ ಒಂದರಲ್ಲೇ ಕಲೆಸಿದ್ದವು.

ಬಹಳ ವರ್ಷ ಈ ಯಂತ್ರಗಳು ಒಂದು ಹೊತ್ತಿಗೆ ಒಬ್ಬರೇ ಮಾತಾಡುತ್ತಾರೆ ಎಂದು ನಂಬಿಕೊಂಡೇ ಕೆಲಸ ಮಾಡಿದವು. ಇಬ್ಬರಿದ್ದರೆ ಒಬ್ಬರನ್ನು ಆರಿಸಿ ಇನ್ನೊಬ್ಬರನ್ನು ಬಿಡುವುದು. ಪರೀಕ್ಷಕರೂ ಉದಾರಿಗಳೇ. ಯಂತ್ರಗಳಿಗೆ ಅಂಕ ಕೊಡುವಾಗ ಮಾತು ಶುರುವಾಗುವ, ಮುಗಿಯುವ ಜಾಗದ ಎರಡೂ ಬದಿಗೆ 250 ಮಿಲಿಸೆಕೆಂಡು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಎಷ್ಟೋ ಪರೀಕ್ಷೆಗಳಲ್ಲಿ ದನಿ ಕೂಡಿದ ಭಾಗವನ್ನೇ ಪೂರ್ತಿ ಬಿಟ್ಟು ಎಣಿಸುತ್ತಿದ್ದರು. ಒಂದು ಚಿಕ್ಕ ‘ಹೂಂ’ ಇಡಿಯಾಗಿ ಆ ಬಿಟ್ಟ ಜಾಗದಲ್ಲೇ ಮುಳುಗಿಹೋಗುತ್ತದೆ. ಕಠಿಣ ಪ್ರಶ್ನೆಯನ್ನು ತೆಗೆದುಹಾಕಿ ನೂರಕ್ಕೆ ತೊಂಬತ್ತು ಅಂಕ ಕೊಟ್ಟಂತಲ್ಲವೆ ಇದು? ನಮ್ಮ ಪರೀಕ್ಷೆಗಳಲ್ಲಿ ಹಾಗೆ ಮಾಡಿದರೆ ಪೇಪರಿನಲ್ಲಿ ಸುದ್ದಿಯಾಗುತ್ತದೆ. 2018ರಲ್ಲಿ ಶುರುವಾದ ಡಿಹಾರ್ಡ್ ಎಂಬ ಸ್ಪರ್ಧೆ ಈ ರಿಯಾಯಿತಿಯನ್ನು ತೆಗೆದಿತು. 2019ರಿಂದ ಒಂದೇ ಹೊತ್ತಿಗೆ ಇಬ್ಬರು ಮೂವರ ಹೆಸರಿನ ಮುಂದೆ ‘ಹಾಜರು’ ಹಾಕಬಲ್ಲ ನ್ಯೂರಲ್ ನೆಟ್‌ವರ್ಕ್ ಪದ್ಧತಿಗಳು ಬಂದವು.

ಜಾತಿ ಗುರುತಿಸುವ ಕೆಲಸವೂ ನಡೆದಿದೆ. 2013ರಲ್ಲಿ ನೆದರ್‌ಲ್ಯಾಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ಖಿಯೆಟ್ ತ್ರುವಾಂಗ್, ಸಹಕಾರದ ಓವರ್‌ಲ್ಯಾಪು ಯಾವುದು, ಪೈಪೋಟಿಯದು ಯಾವುದು ಎಂದು ಯಂತ್ರದಿಂದ ಬೇರ್ಪಡಿಸಲು ನೋಡಿದರು. ಇಟಲಿಯ ಟ್ರೆಂಟೊ ವಿಶ್ವವಿದ್ಯಾಲಯದ ಶಮ್ಮೂರ್ ಚೌಧುರಿ, ಜುಸೆಪ್ಪೆ ರಿಕಾರ್ಡಿ ಮತ್ತು ಸಂಗಡಿಗರು 2015ರಲ್ಲಿ ಇಟಾಲಿಯನ್ ಕಾಲ್ ಸೆಂಟರಿನ ನಿಜವಾದ ಕರೆಗಳ ಮೇಲೆ ಇದನ್ನೇ ಮಾಡಿದರು. ಇಬ್ಬರೂ ದನಿ ಕೂಡಿದ ಕ್ಷಣವನ್ನಷ್ಟೇ ನೋಡಲಿಲ್ಲ. ಅದರ ಹಿಂದು ಮುಂದು ಏನಿತ್ತು, ನಡುವೆ ಬಂದವರು ಯಾರು, ಕೊನೆಗೆ ಯಾರು ಸುಮ್ಮನಾದರು ಎಂಬಂಥ ಸಂದರ್ಭವನ್ನೂ ಲೆಕ್ಕಕ್ಕೆ ತರಲು ನೋಡಿದರು. ನಮ್ಮ ಹಿರಿಯರು ನ್ಯಾಯ ಹೇಳುವಾಗ ಹಿಂದಿನದನ್ನು ಕೇಳದೆ ತೀರ್ಪು ಕೊಡುತ್ತಿರಲಿಲ್ಲ, ಅಷ್ಟೇ ಸರಳ ಇದು.

ಇಲ್ಲಿ ನನಗೆ ಒಂದು ಹೆದರಿಕೆ ಇದೆ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಇಟಲಿಯ ಕರೆಗಳಲ್ಲೋ, ಯುರೋಪಿನ ಆಫೀಸು ಸಭೆಗಳಲ್ಲೋ ಕಲಿತ ಯಂತ್ರವನ್ನು ತಂದು ನಮ್ಮ ಮುಂದೆ ಇಟ್ಟರೆ ಏನಾದೀತು? ಗಜೇಂದ್ರಗಡದ ನೇಕಾರರ ಮನೆಯಲ್ಲಿ ಮಗ್ಗದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಮನೆಮಂದಿಯೆಲ್ಲರ ದನಿ ಎತ್ತರ. ನಮ್ಮ ಕಡೆಯ ಪ್ರೀತಿಯ ಮಾತೂ ಬೆಂಗಳೂರಿನವರ ಕಿವಿಗೆ ಬೈದಂತೆ ಕೇಳುತ್ತದೆ. ಜೋರು ದನಿ ಬಂದ ಕೂಡಲೇ ‘ಜಗಳಗಂಟ ಗ್ರಾಹಕ’ ಎಂದು ಗುರುತು ಹಾಕುವ ಯಂತ್ರ ನಮ್ಮಲ್ಲಿ ಅರ್ಧ ಊರಿಗೆ ಆ ಗುರುತು ಹಾಕೀತು. ಜೋರು ಅಂದರೆ ಎಷ್ಟು ಜೋರು? ಆ ಮನುಷ್ಯನ ಎಂದಿನ ದನಿಗಿಂತ ಎಷ್ಟು ಏರಿತು ಎಂದು ನೋಡಬೇಕು, ಊರಿನ ಅಳತೆಯನ್ನು ಇನ್ನೊಂದು ಊರಿನಿಂದ ತರಬಾರದು.

ಅದಕ್ಕೆ ನಮ್ಮ ಮಾತಿನ ಸಂಗ್ರಹ ಬೇಕು. ಕರ್ನಾಟಕದಲ್ಲಿ ಕೆಲಸ ಆಗಿಲ್ಲವೆಂದಲ್ಲ. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಸಂಸ್ಥೆಯವರು ರೈತರು ಫೋನಿನಲ್ಲಿ ಕನ್ನಡದಲ್ಲೇ ಕೇಳಿ ಪೇಟೆಯ ದರ ತಿಳಿಯುವ ವ್ಯವಸ್ಥೆಗಾಗಿ ರೈತರ ದನಿಗಳನ್ನೇ ಕೂಡಿಹಾಕಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್, ವಾಣಿ ಯೋಜನೆಗಳು ಉಪಭಾಷೆಗಳನ್ನೂ ಜಿಲ್ಲೆಗಳನ್ನೂ ಹುಡುಕಿಕೊಂಡು ಹೋದವು. ಆದರೆ ಇವುಗಳಲ್ಲಿ ಬಹುಪಾಲು ಒಬ್ಬರೇ ಕೂತು ಓದಿದ್ದು, ಇಲ್ಲವೆ ಚಿತ್ರ ನೋಡಿ ಹೇಳಿದ್ದು. ಹಲವರು ಕೂಡಿ, ಭಾಷೆ ಬೆರೆಸಿ ಮಾತಾಡಿದ್ದನ್ನೇ ಪರೀಕ್ಷೆಗೆ ಇಟ್ಟದ್ದು ಅದೇ ಸಂಸ್ಥೆ ಮತ್ತು ಸುರತ್ಕಲ್ಲಿನ ಎನ್‌ಐಟಿಕೆಯವರು 2023ರಲ್ಲಿ ನಡೆಸಿದ ಡಿಸ್‌ಪ್ಲೇಸ್ ಎಂಬ ಸ್ಪರ್ಧೆ. ಅದರಲ್ಲಿ ಕನ್ನಡವೂ ಇತ್ತು.

ಇದು ಬರೀ ಪ್ರಯೋಗಾಲಯದ ಮಾತೆಂದು ತಿಳಿಯಬೇಡಿ. 2023ರ ಫೆಬ್ರವರಿ 21ರಂದು ಸುಪ್ರೀಂ ಕೋರ್ಟು ಮಹಾರಾಷ್ಟ್ರದ ಶಿವಸೇನೆ ಪ್ರಕರಣದ ವಾದವನ್ನು ಮೊದಲ ಬಾರಿ ಯಂತ್ರದಿಂದ ಬರೆಸಿತು. ಬರೆದ ಯಂತ್ರ ಬೆಂಗಳೂರಿನ ಕಂಪನಿಯದು. ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರು ಅಂದೇ, ಇಬ್ಬರು ಒಟ್ಟಿಗೆ ಮಾತಾಡಿದಾಗ ಸ್ವಲ್ಪ ತೊಂದರೆಯಿದೆ, ಆದರೆ ತಪ್ಪುಗಳನ್ನು ತಿದ್ದಲು ಜನರಿದ್ದಾರೆ ಎಂಬರ್ಥದಲ್ಲಿ ಹೇಳಿದರು. ಸುಪ್ರೀಂ ಕೋರ್ಟಿಗೆ ತಿದ್ದುವವರಿದ್ದಾರೆ. ರೋಣದ ಒಬ್ಬ ಮುದುಕಿಯ ಫೋನ್ ಕರೆಯನ್ನು ತಿದ್ದಲು ಯಾರಿದ್ದರು?

ನಿಮ್ಮಲ್ಲಿ ಯಾರಿಗಾದರೂ ಇದರಲ್ಲಿ ಆಸಕ್ತಿ ಹುಟ್ಟಿದ್ದರೆ ದೊಡ್ಡ ಕಂಪ್ಯೂಟರ್ ಬೇಕಾಗಿಲ್ಲ. ಮನೆಯ ಹತ್ತು ನಿಮಿಷದ ಮಾತನ್ನು ಮೊಬೈಲಿನಲ್ಲಿ ಹಿಡಿಯಿರಿ. ಹಿಡಿಯುವ ಮೊದಲು ಎಲ್ಲರ ಅನುಮತಿ ಕೇಳಬೇಕು, ಒಳಗೆ ಅಡಿಗೆಮನೆಯಲ್ಲಿ ಇರುವವರದೂ. ಅವರು ‘ಹೂಂ’ ಅಂದರೆ ಇನ್ನೊಮ್ಮೆ ಕೇಳಿ! ಎಲಾನ್ ಮತ್ತು ಪ್ರಾಟ್ ಎಂಬ ಎರಡು ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಎಲಾನಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗೆರೆ ಇಟ್ಟು, ಯಾರ ಮಾತು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂದು ಗುರುತು ಹಾಕಿ. ಎರಡು ಗೆರೆ ಕೂಡಿದ ಪ್ರತಿ ಜಾಗಕ್ಕೂ ಹೆಸರು ಕೊಡಿ: ಬಾಲದ ಮಾತು, ಹಿಮ್ಮೇಳ, ಶಬ್ದ ಹೇಳಿಕೊಟ್ಟದ್ದು, ಕೂಡಿ ಹೇಳಿದ್ದು, ಪೈಪೋಟಿ. ಪ್ರಾಟ್‌ನಲ್ಲಿ ಆ ಜಾಗದ ದನಿಯ ಏರಿಳಿತ ನೋಡಿ. ಆಮೇಲೆ ಅದನ್ನೇ ಗೆಳೆಯನೊಬ್ಬ ನಿಮ್ಮದನ್ನು ನೋಡದೆ ಮಾಡಲಿ. ಇಬ್ಬರ ಹೆಸರುಗಳು ಎಷ್ಟು ಕಡೆ ಹೊಂದುತ್ತವೆ ಎಂದು ಎಣಿಸಿ. ಇಬ್ಬರು ಮನುಷ್ಯರೇ ಒಪ್ಪದ ಕಡೆ ಯಂತ್ರ ಸರಿಯಾಗಿ ಹೇಳಬೇಕೆಂದು ಕೇಳುವುದು ಅನ್ಯಾಯ. ಹತ್ತು ನಿಮಿಷದ ಮಾತಿಗೆ ಎರಡು ಮೂರು ಗಂಟೆ ಹಿಡಿಯುತ್ತದೆ, ಬೇಸರಪಡಬೇಡಿ.

ಖಾಲಾ ಅವರ ವಿಷಯ ಏನಾಯಿತು ಎಂದು ಕೆಲವರ ಮುಖದಲ್ಲಿ ಪ್ರಶ್ನೆ ಕಾಣುತ್ತಿದೆ. ‘ಬ್ಯಾಡಪಾ’ ಎಂಬ ಮಾತು ಎಷ್ಟನೆಯ ಸೆಕೆಂಡಿನಲ್ಲಿದೆ ಎಂದು ಬರೆದು, ಆ ‘ಹಾಂ?’ನ ಏರುದನಿಯ ಚಿತ್ರವನ್ನು ಪ್ರಾಟ್‌ನಿಂದ ಮುದ್ರಿಸಿ ಪತ್ರದ ಜೊತೆ ಕಳಿಸಿದೆ. ಕಡಿತ ನಿಂತಿತು. ಎರಡು ತಿಂಗಳ ಹಣ ವಾಪಸು ಬಂತು, ಮೊದಲ ತಿಂಗಳದು ಇನ್ನೂ ಬಂದಿಲ್ಲ. ಖಾಲಾ ಈಗ ಅಂಥ ಫೋನು ಬಂದರೆ ಉಸಿರು ಬಿಗಿಹಿಡಿದು ಕೇಳುತ್ತಾರೆ, ‘ಹೂಂ’ ಅನ್ನುವುದೇ ಇಲ್ಲ. ಆ ಕಡೆಯ ಹುಡುಗ "ಹಲೋ, ಮೇಡಂ, ಲೈನಲ್ಲಿದ್ದೀರಾ? ಹಲೋ?" ಎಂದು ಕೂಗಿ ಕೂಗಿ ತಾನೇ ಫೋನು ಇಡುತ್ತಾನೆ.

ಇಯರ್‌ಫೋನ್ ತಂದವರು ಸಭೆ ಮುಗಿದ ಮೇಲೆ ಹಿಂದಿನ ಕೋಣೆಗೆ ಬನ್ನಿ. ಖಾಲಾ ಅವರ ಅನುಮತಿ ಪಡೆದು ಆ ರೆಕಾರ್ಡಿಂಗ್ ತಂದಿದ್ದೇನೆ.